ನಿಂಗಕ್ಕ ಹಾಸಿದ ಕಂಬಳಿ

ಧರ್ಮಪುರದ ಬಳಿಯ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಡುವುದೆಂದು ೧೯೭೪ರಲ್ಲಿ ಚಿತ್ರದುರ್ಗದ ಅರಣ್ಯ ಕಚೇರಿಯಲ್ಲಿ ತೀರ್ಮಾನವಾಯಿತು. ಊರವರು ಕಾವಲು ಎನ್ನುವ ಆ ಹುಲ್ಲುನೆಲ ಹೋದರೆ ತನ್ನ ಕುರಿಗಳಿಗೆ ಮೇವಿಲ್ಲ, ಹುಲ್ಲಿನ ಬುಡದಲ್ಲಿ ಮೊಟ್ಟೆಯಿಡುವ ಗೌಜಲಹಕ್ಕಿಗೆ ನೆಲೆಯಿಲ್ಲ ಎಂಬುದು ನಿಂಗಕ್ಕನಿಗೆ ಗೊತ್ತಿತ್ತು. ಅವಳು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಜಾಗ ನೋಡಲು ಬಂದ ಅರಣ್ಯಾಧಿಕಾರಿಯ ಮುಂದೆ ಕರಿಕಂಬಳಿ ಹಾಸಿದಳು.

“ಕುಂತ್ಕಳ್ರಿ ಸಾಹೇಬ್ರೆ.”

ಬಿಸಿಲಲ್ಲಿ ದಣಿದಿದ್ದ ಅಧಿಕಾರಿ ಬೂಟು ಕಳಚಿ ಕೂತರು. ಸುತ್ತ ಊರವರೂ ಕೂತರು. ಕೆಲವರು ಮೇವು ಬೇಕೆಂದರು, ಕೆಲವರು ಗುಂಡಿ ತೋಡುವ ಕೂಲಿ ಬೇಕೆಂದರು. ಸ್ವಲ್ಪ ಹೊತ್ತಿಗೆ ಅಧಿಕಾರಿ ಎದ್ದರು.

“ಏಳಂಗಿಲ್ಲ ಸಾಮಿ!” ಪಕ್ಕದಲ್ಲಿದ್ದ ಬೋರಣ್ಣ ನಕ್ಕ. “ಇದು ನ್ಯಾಯದ ಕಂಬಳಿ. ಎಲ್ಲಾರ ಮಾತು ಮುಗಿಯಾಗಂಟ ಕೂರಬೇಕು. ನಮ್ ನಿಂಗಕ್ಕ ಇನ್ನೂ ಬಾಯೇ ಬಿಟ್ಟಿಲ್ಲ.”

“ಸಿಕ್ಕಿಬಿದ್ದೆನಲ್ಲಪ್ಪ! ಹೇಳಮ್ಮ” ಎಂದು ಅಧಿಕಾರಿಯೂ ನಗುತ್ತ ಕೂತರು.

“ಕೂಲಿ ನಮ್ಮೋರಿಗೂ ಬೇಕು. ಅಂಚಿಗೆ ಹೊಂಗೆ, ಹುಣಸೆ ಇಡಾಣ. ನಡುವೆ ಹುಲ್ಲು ಹಂಗೇ ಬಿಡ್ರಿ.”

ಎರಡು ಕಡೆಯವರೂ ಒಪ್ಪಿದರು. ಅಧಿಕಾರಿ ಮೇಲಿನವರಿಗೆ ಬರೆದು ಒಪ್ಪಿಸಿದರು. ಮುಂದೆ ಅವರು ಹಿರಿಯೂರು ಸೀಮೆಯ ಯಾವ ಕಾವಲಿಗೆ ಹೋದರೂ ಊರವರನ್ನು ಕೂರಿಸಿ ಕೇಳದೆ ಒಂದು ಸಸಿಯನ್ನೂ ನೆಡಿಸಲಿಲ್ಲ.

ವರ್ಷಗಳು ಉರುಳಿದವು. ಹೋದ ತಿಂಗಳು ನಿಂಗಕ್ಕ ತೀರಿಕೊಂಡಳು. ಜೊತೆಗಿದ್ದವರಿಗೆ ಅದನ್ನು ನಂಬಲು ಇನ್ನೂ ಆಗುತ್ತಿಲ್ಲ. ಅವಳನ್ನು ಕಾವಲಿನ ದಾರಿಯಲ್ಲೇ ಹೊತ್ತು ನಡೆದರು. ಹುಲ್ಲು ಮೊಣಕಾಲೆತ್ತರ ನಿಂತಿತ್ತು.

ಈಗ ಕಾವಲು ನೋಡಲು ಹೊಸ ಅಧಿಕಾರಿ ಬರುತ್ತಾರಂತೆ. ಬೋರಣ್ಣ ಆ ಕಂಬಳಿಯನ್ನು ಕೊಡವಿ, ಹಾಸಲು ಸಿದ್ಧವಾಗಿ ಮಡಿಚಿಟ್ಟಿದ್ದಾನೆ.