ಮನೆಯಲ್ಲೇ ಇದ್ದು ಮಸ್ಕತ್‌ಗೆ ಹೋದವನು

ಪರದೇಶಕ್ಕೆ ಹೊರಟವರು ಟ್ರಂಕು ಕೊಳ್ಳುವ ಮೊದಲು ನಮ್ಮ ಬಾಗೇವಾಡಿಯ ಗೌಂಡಿ ಮಾಡಿದ್ದನ್ನು ಮಾಡಬೇಕು. ಎಪ್ಪತ್ತರ ದಶಕದಲ್ಲಿ ಅವನಿಗೆ ಮಸ್ಕತ್‌ನಲ್ಲಿ ಗೋಡೆ ಕಟ್ಟುವ ಕೆಲಸ ಸಿಗುವುದಿತ್ತು. ಆದರೆ ತಾನಿಲ್ಲದೆ ಮನೆ ನಡೆಯುತ್ತದೆಂದು ಖಾತ್ರಿಯಾಗುವವರೆಗೆ ಅವನು ಏಜೆಂಟನಿಗೆ ಮಾತು ಕೊಡಲು ಒಪ್ಪಲಿಲ್ಲ. ಅದಕ್ಕಾಗಿ ಒಂದು ತಿಂಗಳು ಮನೆಯಲ್ಲೇ ಇದ್ದು ಇಲ್ಲದವನಂತಾದ. ಕೆಲಸ ಮುಗಿಸಿ ಬಂದು ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕೂರುತ್ತಿದ್ದ. ಹೆಂಡತಿ ಏನೇ ಕೇಳಲಿ, ಸಿಮೆಂಟು ಮೆತ್ತಿದ ಕೈಯನ್ನು ಪಶ್ಚಿಮಕ್ಕೆ ಚಾಚಿ, "ನಾ ಮಸ್ಕತ್‌ನಾಗ ಅದೇನಿ" ಎನ್ನುತ್ತಿದ್ದ.

ನಾನು ಆಗ ದನದ ವ್ಯಾಪಾರಿ. ಹೋಗುವ ಮುಂಚೆ ಎಮ್ಮೆ ಮಾರುತ್ತೇನೆಂದು ಅವನೇ ಹಿಂದೆ ಹೇಳಿದ್ದರಿಂದ ಆ ತಿಂಗಳ ಕೊನೆಗೆ ಹಗ್ಗ ಹಿಡಿದುಕೊಂಡೇ ಅವನ ಮನೆಗೆ ಹೋದೆ.

"ಎಮ್ಮಿ ಬಿಚ್ಚಲೇನಪಾ ಗೌಂಡಿ?"

"ನಾ ಮಸ್ಕತ್‌ನಾಗ ಅದೇನ್ರಿ ಸಾವ್ಕಾರ್ರ. ಆಕೀನ ಕೇಳ್ರಿ."

ಹೆಂಡತಿ ಸೆರಗು ಸರಿಪಡಿಸಿಕೊಂಡು ಹೊರಗೆ ಬಂದಳು. "ಎಮ್ಮಿ ಕೊಡಂಗಿಲ್ರಿ. ಇವರ ಮೊದಲನೇ ಪಗಾರ ಬರೂತನಕ ನಮ್ಮ ಮನಿ ಇದರ ಹಾಲಿನ ಮ್ಯಾಲೇ ನಡೀಬೇಕು."

"ಇನ್ನೊಂದಿಷ್ಟು ಹೆಚ್ಚಿಗಿ ಕೊಡ್ತೇನವಾ."

"ನೀವು ಕೊಟ್ಟ ರೊಕ್ಕ ದಿನಾ ಹಾಲು ಕೊಡತೈತೇನ್ರಿ?"

ಗೌಂಡಿ ನಮ್ಮ ಕಡೆ ತಿರುಗಿದ. ನನ್ನ ಕೈಯ ಹಗ್ಗ ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಬೀದಿಗೆ ಮುಖ ಮಾಡಿ ಕೂತ. ವ್ಯಾಪಾರದಲ್ಲಿ ನಾನು ಅಷ್ಟು ಬೇಗ ಸೋತದ್ದು ಅಪರೂಪ. ಆದರೂ ಅವಳು ಕೊಟ್ಟ ಮಜ್ಜಿಗೆ ಕುಡಿದೇ ಎದ್ದೆ.

ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಪಾಸ್‌ಪೋರ್ಟಿನ ಫೋಟೋ ತೆಗೆಸಲು ಅವನು ಬಿಜಾಪುರದ ಬಸ್ಸು ಹತ್ತಿದ.