ನೀರೊಳಗಿನ ನಾಗನಿಗೆ ಹಾಲೆರೆದು ಬಂದದ್ದು

ನಾಗರಪಂಚಮಿಯ ಬೆಳಿಗ್ಗೆ ಕಾರ್ಕಳದ ಬಸ್ ಸ್ಟ್ಯಾಂಡಿಗೆ ಬಂದಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಸೀಯಾಳ, ಇನ್ನೊಂದರಲ್ಲಿ ಹಾಲಿನ ಬಾಟಲಿ, ಅರಿಶಿನ ಎಲೆ, ಅಡಿಕೆ ಹೂವಿನ ಗೊಂಚಲು ಹಿಂಗಾರ. ಕೊಡೆ ಹಿಡಿಯಲು ಮೂರನೆಯ ಕೈಯನ್ನು ದೇವರು ಕೊಟ್ಟಿರಲಿಲ್ಲ. ಬಸ್ಸು ಹತ್ತುವ ಮೊದಲೇ ಪೂರ್ತಿ ಒದ್ದೆಯಾದೆ.

ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದು ಊರೆಲ್ಲ ಹೇಳುತ್ತದೆ. ನಮ್ಮ ರಸ್ತೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಉಡುಪಿಗೆ ಅರವತ್ತು ರೂಪಾಯಿ ಕೊಟ್ಟೆ. ಕಂಡಕ್ಟರ್ ಸೀಯಾಳದ ಚೀಲ ನೋಡಿ, "ಎಂತ ಅಕ್ಕಾ, ನಾಗನಿಗಾ? ಹಾಗಾದರೆ ಲಗೇಜು ಫ್ರೀ," ಎಂದ. "ನಾಗನ ಭಕ್ತೆಗೂ ಸ್ವಲ್ಪ ಕಡಿಮೆ ಮಾಡು ಮಾರಾಯ," ಎಂದೆ. ಅದಕ್ಕೆ ಅವನ ಕಿವಿ ಕೇಳಲಿಲ್ಲ.

ನಾನು ಹೊರಟದ್ದು ಪೂಜೆಗೆ ಮಾತ್ರವಲ್ಲ. ಮಣಿಪಾಲಕ್ಕೂ ಉಡುಪಿಗೂ ನಡುವಿನ ತಗ್ಗಿನ ಬೈಲಿನಲ್ಲಿ ನಮ್ಮ ತಾಯಿಯ ಕಡೆಯ ಮೂಲ ನಾಗಬನ ಉಂಟು, ಮರಗಳ ನಡುವೆ ನಾಗನ ಕಲ್ಲುಗಳಿರುವ ಜಾಗ. ಅದರ ಬೇಲಿಗೆ ತಾಗಿಯೇ ನನ್ನ ಅಕ್ಕ ಗಿರಿಜೆಯ ಮನೆ. ಸುತ್ತಲಿನ ಗದ್ದೆಗಳನ್ನೆಲ್ಲ ಒಬ್ಬ ಬಿಲ್ಡರ್ ತೆಗೆದುಕೊಂಡು ಫ್ಲಾಟ್ ಕಟ್ಟಿದ್ದಾನೆ. ನಾಗನ ಕಲ್ಲುಗಳನ್ನು ಬನದಿಂದ ಎತ್ತಿ ಗೇಟಿನ ಪಕ್ಕ ಚಂದದ ಕಟ್ಟೆಯಲ್ಲಿ ಕೂರಿಸಿಕೊಡುತ್ತೇನೆ ಎನ್ನುವುದು ಅವನ ಮಾತು. ನಮ್ಮಲ್ಲಿ ನಾಗನನ್ನು ಕದಲಿಸಬೇಕಾದರೆ ಕುಟುಂಬದವರೆಲ್ಲ ಬನದ ಎದುರು ನಿಂತು ಹೂಂ ಎನ್ನಬೇಕು. ಒಬ್ಬರು ಬೇಡ ಎಂದರೂ ಆಗುವುದಿಲ್ಲ. ಆ ಹೂಂ ಹೇಳಲಿಕ್ಕೇ ನಾನು ಹೊರಟದ್ದು.

ಬೈಲೂರು ದಾಟುವವರೆಗೆ ಮಳೆ ಜಿಟಿಜಿಟಿ. ಹಿರಿಯಡ್ಕದಲ್ಲಿ ಜೋರಾಯಿತು. ಪರ್ಕಳದಲ್ಲಿ ರಸ್ತೆ ಅಗೆದು ಹಾಕಿದ್ದರಿಂದ ಬಸ್ಸು ಅರ್ಧ ಗಂಟೆ ನಿಂತಲ್ಲೇ ನಿಂತಿತು. ಮಣಿಪಾಲದ ಗುಡ್ಡ ಒಂದು ಕಾಲದಲ್ಲಿ ಬರೀ ಕೆಂಪು ಮುರಕಲ್ಲು, ಹುಲ್ಲು. ಬಿದ್ದ ಮಳೆ ಅಲ್ಲಲ್ಲೇ ನಿಂತು, ಇಂಗಿ, ಪುರುಸೊತ್ತಿನಲ್ಲಿ ಕೆಳಗೆ ಬರುತ್ತಿತ್ತು. ಈಗ ಗುಡ್ಡದ ನೆತ್ತಿಯಿಂದ ಬುಡದವರೆಗೆ ಕಟ್ಟಡ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುಕಲ್ಲು. ರಸ್ತೆಯ ಎರಡೂ ಬದಿಯಲ್ಲಿ ಕೆಂಪು ನೀರು ನಮ್ಮ ಬಸ್ಸಿಗಿಂತ ಮೊದಲು ಉಡುಪಿ ಮುಟ್ಟುವ ಹಟದಲ್ಲಿ ಓಡುತ್ತಿತ್ತು. ಇಷ್ಟೂ ನೀರು ಇಳಿಯುವುದು ಅಕ್ಕನ ಬೈಲಿಗೆ.

ಉಡುಪಿಯಲ್ಲಿ ಇಳಿದು ಆಟೋ ಹಿಡಿದೆ. ಅಕ್ಕ ಬಾಗಿಲಲ್ಲೇ ಇದ್ದಳು. ಕಾಪುವಿನಿಂದ ಅಣ್ಣ ಸುಧಾಕರ ಕಾರಿನಲ್ಲಿ ಮೊದಲೇ ಬಂದು ಕೂತಿದ್ದ. ನಮ್ಮ ಕುಟುಂಬದ ಯಜಮಾನ ಅವನೇ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬನ ನೋಡಬೇಕಾದರೆ ಈಗ ಕೆಳಗೆ ಬಗ್ಗಬೇಕು. ಗದ್ದೆಯನ್ನೆಲ್ಲ ಎರಡಾಳು ಎತ್ತರಕ್ಕೆ ಮಣ್ಣು ತುಂಬಿಸಿ ಏರಿಸಿದ್ದಾರೆ. ಬನದ ಒಂದು ಹಿಡಿ ಮಣ್ಣನ್ನೂ ಮುಟ್ಟಿಲ್ಲ. ಸುತ್ತ ಕಲ್ಲಿನ ಗೋಡೆ ಕಟ್ಟಿ, ಇಳಿಯಲು ಮೆಟ್ಟಿಲು ಮಾಡಿ, ಹಳೆಯ ಮಟ್ಟದಲ್ಲೇ ಬಿಟ್ಟಿದ್ದಾರೆ. ನಾಗನ ಮಣ್ಣು ಮುಟ್ಟಲು ಇಲ್ಲಿ ಯಾವ ಬಿಲ್ಡರನಿಗೂ ಧೈರ್ಯ ಇಲ್ಲ. ಮಳೆನೀರು ಹರಿದುಹೋಗುವ ತೋಡು ಮುಚ್ಚಿ ಸಪುರ ಪೈಪು ಹಾಕಲು ಮಾತ್ರ ಯಾರ ಹೆದರಿಕೆಯೂ ಇಲ್ಲ. ಹಾಗಾಗಿ ಬನ ಒಂದು ಗುಂಡಿ, ಪಕ್ಕದ ಅಕ್ಕನ ಮನೆ ಇನ್ನೊಂದು ಗುಂಡಿ. ಎರಡರ ನಡುವೆ ಗೋಡೆಯ ಬದಲು, ನೀರು ತಡೆಯಲು, ಮೊಣಕಾಲೆತ್ತರದ ಕಲ್ಲಿನ ಕಟ್ಟ.

ಬನದಲ್ಲಿ ನೀರು ತುಂಬಿತ್ತು. ಮರಗಳ ಬುಡ ಕಾಣುತ್ತಿರಲಿಲ್ಲ, ನಾಗನ ಕಲ್ಲುಗಳಂತೂ ಇಲ್ಲವೇ ಇಲ್ಲ. ಪೂಜೆಗೆ ಬಂದ ಭಟ್ಟರು ಪಂಚೆ ಎತ್ತಿ ಕಟ್ಟಿ, ಮಂಡಿವರೆಗಿನ ನೀರಿನಲ್ಲಿ ನಿಂತು, ಅಂದಾಜಿನಲ್ಲಿ ಹಾಲೆರೆದರು. ಹಾಲು ಕೆಂಪು ನೀರಿನಲ್ಲಿ ಕರಗಿತು. ಹಿಂಗಾರ ಬಿಡಿಸಿ ಹಾಕಿದ್ದು ತೇಲಿತು. ಅಣ್ಣನ ಕಣ್ಣು ತುಂಬಿತ್ತು. "ಇದು ನಾಗನಿಗೆ ಮಾಡುವ ಮರ್ಯಾದೆಯಾ? ಕೊಚ್ಚೆಗೆ ಹಾಲು ಹೊಯ್ದ ಹಾಗಾಯಿತು," ಎಂದ. ನನಗೂ ನಾಚಿಕೆಯಾಯಿತು.

ಬಿಲ್ಡರನ ಕಡೆಯ ಮ್ಯಾನೇಜರ್ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತಿದ್ದ. ಒಳ್ಳೆಯ ಮಾತಿನ ಮನುಷ್ಯ. "ನಮ್ಮ ಪ್ಲಾನಿನಲ್ಲಿ ಯಾರಿಗೂ ನಷ್ಟ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಲ್ವಾ?" ಎಂದ. ಭಟ್ಟರು ನೀರಿನಿಂದಲೇ ತಿರುಗಿ ನೋಡಿದರು. "ನಾಗರಪಂಚಮಿಯ ದಿನ ಹೇಳುವ ಗಾದೆಯಾ ಇದು, ಮಾರಾಯ?" ಅವನು ನಾಲಗೆ ಕಚ್ಚಿ, ಕೆನ್ನೆ ಕೆನ್ನೆ ಬಡಿದುಕೊಂಡ. ಅಷ್ಟು ಹೊತ್ತಿನಲ್ಲಿ ನಾವು ನಕ್ಕದ್ದು ಅದೊಂದೇ ಸಲ.

ಊಟ ಮುಗಿಸಿ ಬನದ ಎದುರು ಹೂಂ ಹೇಳುವುದೆಂದಾಯಿತು. ಮ್ಯಾನೇಜರನನ್ನೂ ಊಟಕ್ಕೆ ಕೂರಿಸಿದೆವು. ಅರಿಶಿನ ಎಲೆಯಲ್ಲಿ ಬೇಯಿಸಿದ ಸಿಹಿ ಕಡುಬು, ಹರಿವೆ ಸೊಪ್ಪಿನ ಪಲ್ಯ, ಸೌತೆಕಾಯಿ ಹುಳಿ. ಹೊರಗೆ ಮಳೆ ಆಕಾಶ ಹರಿದ ಹಾಗೆ ಸುರಿಯುತ್ತಿತ್ತು. ಅಕ್ಕ ಬಡಿಸುತ್ತಿದ್ದಳು. ಅವಳ ಹಿತ್ತಿಲಿನಲ್ಲಿ ಮಲ್ಲಿಗೆ ಗಿಡಗಳಿವೆ. ದಿನಾ ಬೆಳಿಗ್ಗೆ ಮೊಗ್ಗು ಕೊಯ್ದು, ಕಟ್ಟಿ, ಅಂಗಡಿಗೆ ಕೊಟ್ಟೇ ಅವಳು ಮನೆ ನಡೆಸುವುದು. ಮಲ್ಲಿಗೆಯ ಬೇರಿನಲ್ಲಿ ನೀರು ನಿಂತರೆ ಗಿಡ ಹೋಯಿತೆಂದೇ ಲೆಕ್ಕ. ತುದಿಯ ಸಾಲು ಆಗಲೇ ಹಳದಿಯಾಗಿದ್ದುದನ್ನು ನಾನು ಬರುವಾಗಲೇ ಕಂಡಿದ್ದೆ.

ಎರಡನೆಯ ಕಡುಬು ಬಿಡಿಸುತ್ತಾ ನಾನು ಮ್ಯಾನೇಜರನನ್ನು ಸುಮ್ಮನೆ ಕೇಳಿದೆ, "ನಾಗ ಮೇಲೆ ಹೋದ ಮೇಲೆ ಆ ಗುಂಡಿಗೆ ಎಂತ ಮಾಡುತ್ತೀರಿ?"

"ಲೆವೆಲ್ ಮಾಡುತ್ತೇವೆ ಅಕ್ಕಾ. ವಿಸಿಟರ್ಸ್ ಪಾರ್ಕಿಂಗ್ ಬರುತ್ತದೆ."

"ಆ ನೀರು?"

"ಅದು ಹೇಗೂ ಹೋಗುತ್ತದೆ."

ಎಲ್ಲಿಗೆ ಎಂದು ಅವನು ಹೇಳಲಿಲ್ಲ. ಅಣ್ಣನೂ ಕೇಳಲಿಲ್ಲ. ಕೈ ತೊಳೆಯಲು ಹಿಂಬಾಗಿಲಿಗೆ ಹೋದ. ಹೋದವನು ಬರಲೇ ಇಲ್ಲ. ನಾನು ಎದ್ದು ನೋಡಿದೆ. ಅಕ್ಕನ ಅಡುಗೆಮನೆಯಿಂದ ಹಿತ್ತಿಲಿಗೆ ಮೂರು ಮೆಟ್ಟಿಲು. ಕೆಳಗಿನ ಮೆಟ್ಟಿಲಿನವರೆಗೆ ನೀರು ಬಂದಿತ್ತು. ಬನ ತುಂಬಿ, ಕಟ್ಟ ಹಾರಿ, ಮಲ್ಲಿಗೆಯ ಬುಡ ಸುತ್ತಿ ಬಂದ ನೀರು. ಅದರ ಮೇಲೆ, ಮೆಟ್ಟಿಲಿಗೆ ಒರಗಿ, ನಾವು ಬೆಳಿಗ್ಗೆ ನಾಗನಿಗೆ ಹಾಕಿದ ಹಿಂಗಾರದ ಎಸಳುಗಳು ತೇಲುತ್ತಿದ್ದವು. ಅಣ್ಣ ಎಂಜಲು ಕೈಯಲ್ಲೇ ಅವನ್ನು ನೋಡುತ್ತಾ ನಿಂತಿದ್ದ.

"ಗುಂಡಿ ತುಂಬಿ ಮಿಕ್ಕಿದ್ದು ಇಷ್ಟು," ಅಕ್ಕ ಹಿಂದಿನಿಂದ ಹೇಳಿದಳು. "ಗುಂಡಿಯೇ ಇಲ್ಲದಿದ್ದರೆ ಎಷ್ಟಾದೀತು, ನೀವೇ ಹೇಳಿ."

"ಮೊದಲೇ ಯಾಕೆ ಬಾಯಿ ಬಿಡಲಿಲ್ಲ ನೀನು?" ನನಗೆ ಸಿಟ್ಟು ಬಂತು, ಅಳುವೂ ಬಂತು.

"ನನ್ನ ಅಡುಗೆಮನೆ ಒಣಗಿರಲಿ ಅಂತ ನಾಗನನ್ನು ನೀರಲ್ಲಿ ಇಡಿ ಎಂದು ಹೇಗೆ ಹೇಳುವುದು? ಬಾಯಿ ಬರಲಿಲ್ಲ."

ಅಣ್ಣ ಕೈ ತೊಳೆದು ಒಳಗೆ ಬಂದ. ಭಟ್ಟರ ಹತ್ತಿರ ಕೂತು ಮೆಲ್ಲಗೆ ಕೇಳಿದ, "ನೀರಿನಲ್ಲಿದ್ದರೆ ನಾಗನಿಗೆ ದೋಷವಾ?" "ದೋಷ ನಾಗನದ್ದಲ್ಲ, ನೀರು ತಂದವರದ್ದು," ಎಂದರು ಭಟ್ಟರು. "ಇನ್ನು ಇಡುವುದು, ತೆಗೆಯುವುದು ಕುಟುಂಬದ ಮಾತು."

ಬನದ ಎದುರು ಮಳೆಯಲ್ಲೇ ನಿಂತೆವು. ಅಣ್ಣ ಕೈಮುಗಿದು ಒಬ್ಬೊಬ್ಬರ ಕಡೆ ತಿರುಗಿದ. ಮೊದಲು ನನ್ನ ಕಡೆ. ಹೂಂ ಹೇಳಲು ಅರವತ್ತು ರೂಪಾಯಿ ಟಿಕೆಟ್ ತೆಗೆದು ಬಂದವಳು ನಾನು. "ಬೇಡ," ಎಂದೆ. ಅಕ್ಕನ ಕಡೆ ತಿರುಗಿದಾಗ ಅವಳು ನಾಗನಿಗೇ ಹೇಳಿದಳು. "ನಿನಗೆ ನೀರಿನ ಹೆದರಿಕೆ ಇಲ್ಲ. ನನಗೆ ಉಂಟು. ನೀನು ಎದ್ದು ಹೋಗಬೇಡ."

ಮ್ಯಾನೇಜರ್ ಕೊಡೆ ಮಡಚಿ, ಮತ್ತೆ ಬಿಡಿಸಿದ. "ಮುಂದಿನ ವರ್ಷ ನೋಡುವ," ಎಂದು ಹೋದ. ಅವನು ಬಿಡುವ ಪೈಕಿ ಅಲ್ಲ, ನಮಗೂ ಗೊತ್ತು. ಮುಚ್ಚಿದ ತೋಡನ್ನು ಯಾರೂ ತೆರೆದುಕೊಟ್ಟಿಲ್ಲ. ನಮಗೆ ಉಳಿದದ್ದು ಒಂದು ಗುಂಡಿ ಮಾತ್ರ.

ಪರ್ಕಳದ ರಗಳೆ ಬೇಡವೆಂದು ಅಣ್ಣನ ಕಾರಿನಲ್ಲಿ ಕಟಪಾಡಿಗೆ ಬಂದೆ. ದಾರಿಯಲ್ಲಿ ಎರಡು ಕಡೆ ಹೊಸ ಲೇಔಟಿನ ಬೋರ್ಡು ನೀರಿನ ನಡುವೆ ನಿಂತಿತ್ತು. "ಲೇಕ್ ವ್ಯೂ ಅಂತ ಬರೆಯಬಹುದಿತ್ತು," ಎಂದೆ. ಅಣ್ಣ ನಗಲಿಲ್ಲ. ಜಂಕ್ಷನ್ನಿನಲ್ಲಿ ನನ್ನನ್ನು ಇಳಿಸಿ, ಅವನು ಕಾಪುವಿನ ಕಡೆ ಹೋದ. ಒಂದು ಚಹಾ ಕುಡಿದು, ಶಿರ್ವ, ಬೆಳ್ಮಣ್ ದಾರಿಯ ಬಸ್ಸು ಹಿಡಿದೆ.

ಕಾರ್ಕಳದಲ್ಲಿ ನನ್ನ ಮನೆ ಬಂಡೆಯ ಮೇಲೆ. ಎಷ್ಟು ಸುರಿದರೂ ಅಂಗಳದಲ್ಲಿ ಒಂದು ಹನಿ ನಿಲ್ಲುವುದಿಲ್ಲ, ಕೆಳಗೆ ಯಾರ ಮನೆಗೋ ಓಡುತ್ತದೆ. ಚೀಲ ಇಟ್ಟು, ಸೀರೆ ಬದಲಿಸುವ ಮೊದಲೇ ಅಕ್ಕನಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಅವಳ ದನಿ ಕೇಳಿದ ಕೂಡಲೇ ನನ್ನ ಬಾಯಲ್ಲಿ ಬರುತ್ತಿದ್ದ ಮಾತು "ಊಟ ಆಯ್ತಾ?" ಎಂದು. ಆ ಸಂಜೆ, "ನೀರು ಎಷ್ಟನೇ ಮೆಟ್ಟಿಲಲ್ಲಿ ಉಂಟು?" ಎಂದು ಕೇಳಿದೆ.

"ಎರಡನೆಯದಕ್ಕೆ ಬಂದು ನಿಂತಿದೆ," ಎಂದಳು ಅಕ್ಕ. "ಇನ್ನೂ ಒಂದು ಉಂಟು."