ಶ್ರೀಪತಿ ಬರೆಯದೆ ಬಿಟ್ಟ ಸಾಲು

ಮೇಲ್ನೋಟಕ್ಕೆ ಶ್ರೀಪತಿ ಕೂಡಲೇ ಬಿಕರಿಯಾಗುವ ಸರಕಲ್ಲ. ನಲವತ್ತಮೂರರ ಪ್ರಾಯ, ಹಿಂದೆ ಸರಿದ ಮುಂದಲೆ, ಒಂದೇ ಬದಿಗೆ ಸವೆದ ಚಪ್ಪಲಿ. ಒಣಶುಂಠಿಯ ಜಾತಿ: ನೋಡಲು ಸುಕ್ಕು, ಮುರಿದರೆ ಘಾಟು. ಎಡಪ್ಪಳ್ಳಿಯ ನಾಲ್ಕನೇ ಮಹಡಿಯ ಒಂದು ಕಂಪನಿ ಅವನನ್ನು ಹನ್ನೊಂದು ವರ್ಷ ಮೂಲೆಯಲ್ಲಿಟ್ಟುಕೊಂಡಿತ್ತು. ಬಿಚ್ಚಿ ನೋಡಿದ್ದು ಅವನು ಹೋಗುತ್ತೇನೆ ಅಂದ ಮೇಲೆ.

ಹಡಗಿಗೆ ಹೋಗುವ ಸರಕಿನ ಕಾಗದಪತ್ರ ನೋಡುವ ಕಂಪನಿ ಅದು. ಕಂಟೇನರ್ ಬಂದರಿನಲ್ಲಿ ಸಿಕ್ಕಿಬಿದ್ದರೆ ವ್ಯಾಪಾರಿಗಳಿಗೆ ಫೋನು ಮಾಡಿ ತಿಳಿಸುವುದು ಶ್ರೀಪತಿಯ ಕೆಲಸ, ಅಂದರೆ ದಿನವಿಡೀ ಬೈಸಿಕೊಳ್ಳುವುದು. ಕಾಸರಗೋಡಿನ ಕಡೆಯ ಈ ಮನುಷ್ಯ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದ. ಡ್ರಾಯರಿನಲ್ಲಿ ಒಂದು ಉದ್ದ ನೋಟುಪುಸ್ತಕ, ಒಬ್ಬೊಬ್ಬ ವ್ಯಾಪಾರಿಗೆ ಒಂದೊಂದು ಪುಟ. ಜೋಸೆಫ್ ಚೇಟ್ಟನಿಗೆ ಊಟಕ್ಕೆ ಮೊದಲು ಕೆಟ್ಟ ಸುದ್ದಿ ಹೇಳಬಾರದು. ಮಟ್ಟಾಂಚೇರಿಯ ಶುಂಠಿ ವ್ಯಾಪಾರಿಗೆ, ಅಂದರೆ ನನಗೆ, ಮೊದಲು ಅಮ್ಮನ ಮಂಡಿನೋವು ವಿಚಾರಿಸಬೇಕು. ಅಮ್ಮನ ಮಂಡಿ ಕೇಳಿದವನಿಗೆ ಬೈಯಲು ಯಾರಿಗೆ ಬಾಯಿ ಬರುತ್ತದೆ? ವ್ಯಾಪಾರ ಅವನಿಗೇ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹೆಂಡತಿ ನಿರ್ಮಲಳಿಗೆ ಬ್ಯಾಂಕಿನಲ್ಲಿ ಕೆಲಸ. ಮೂರು ವರ್ಷದ ಹಿಂದೆ ತಿರುವನಂತಪುರಕ್ಕೆ ವರ್ಗವಾಗಿ, ಮಗಳೊಡನೆ ಉಳ್ಳೂರಿನಲ್ಲಿ ಮನೆ ಮಾಡಿದ್ದಳು. ಅಂದಿನಿಂದ ಶುಕ್ರವಾರ ಸಂಜೆ ವೈಟ್ಟಿಲದಲ್ಲಿ ಬಸ್ಸು ಹತ್ತುವುದು, ಸೋಮವಾರ ಕೆಂಪು ಕಣ್ಣಲ್ಲಿ ಆಫೀಸಿಗೆ ಬರುವುದು ಶ್ರೀಪತಿಯ ಬಾಳಾಯಿತು. ಮಗಳು ಫೋನಿನಲ್ಲಿ "ಅಚ್ಛಾ, ಎಪ್ಪೋಳ್ ವರುಂ?" ಎಂದು ಮಲಯಾಳದಲ್ಲೇ ಕೇಳುತ್ತಿದ್ದಳು. ಅಪ್ಪಾ, ಯಾವಾಗ ಬರುತ್ತೀ ಎಂಬುದಕ್ಕೆ ಅವನು ಪ್ರತಿಸಲವೂ ಶುಕ್ರವಾರ ಅನ್ನುತ್ತಿದ್ದ.

ಕೊನೆಗೆ ಉಳ್ಳೂರಿನ ಒಂದು ಆಸ್ಪತ್ರೆಯ ಔಷಧಿ ಸ್ಟೋರಿನಲ್ಲಿ ಕೆಲಸ ಸಿಕ್ಕಿತು. ಜೂನ್ ಒಂದಕ್ಕೆ, ಹಳೆ ಕಂಪನಿಯ ಬಿಡುಗಡೆ ಪತ್ರದೊಂದಿಗೆ ಹಾಜರಾಗಬೇಕು. ಒಂದು ದಿನ ತಡವಾದರೂ ಪಟ್ಟಿಯಲ್ಲಿ ಹಿಂದೆ ನಿಂತವರಿಗೆ ಕರೆ ಹೋಗುತ್ತದೆ. ಇಲ್ಲಿ ನೋಟಿಸಿನ ಅವಧಿ ಅರವತ್ತು ದಿನ, ಸರಿಯಾಗಿ ಮೇ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅವನ ಜಾಗಕ್ಕೆ ಬರುವ ನಿಹಾರಿಕಾ ಎಂಬವಳಿಗೆ ಕೆಲಸ ಕಲಿಸಿಕೊಡಬೇಕು. ಅವಳಿಗೆ ಮನೆಯಿಂದಲೇ ಕೆಲಸ.

ದಿನಾ ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರಿನ ಕರೆಯಲ್ಲಿ ಪಾಠ, ಶ್ರೀಪತಿ ಬಾಯಲ್ಲಿ ಹೇಳಿಕೊಡುವುದು. ನಿಹಾರಿಕಾ ಕ್ಯಾಮೆರಾ ಹಾಕುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಪ್ರಶ್ನೆಗಳನ್ನು ಟೈಪು ಮಾಡುತ್ತಿದ್ದಳು. ಮನೆಯಿಂದ ಕೆಲಸ ಮಾಡುವವರ ಹಿಂದೆ ಒಮ್ಮೆಯಾದರೂ ಕುಕ್ಕರ್ ಕೂಗುತ್ತದೆ. ಆ ಕಡೆಯಿಂದ ಒಂದು ಕೆಮ್ಮೂ ಬರಲಿಲ್ಲ. ಶ್ರೀಪತಿ ಪ್ರತಿದಿನ ಪಾಠ ಶುರುಮಾಡುವ ಮೊದಲು, ನಮ್ಮವರ ಚಾಳಿಯಂತೆ, "ಊಟ ಆಯ್ತಾ?" ಎಂದು ಬರೆಯುತ್ತಿದ್ದ. ಮಿಕ್ಕೆಲ್ಲದಕ್ಕೂ ಚಕಚಕನೆ ಉತ್ತರ ಕೊಡುವವಳು ಅದೊಂದಕ್ಕೆ ಕೊಡುತ್ತಿರಲಿಲ್ಲ.

ಮೊದಲು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಎರಡನೇ ವಾರ ಕನ್ನಡ ಬಂತು. ನಾಲ್ಕನೇ ವಾರ, "ಅದೆಂತ ಸಾರ್, ಹಾಗೂ ಉಂಟಾ?" ಅವನದೇ ಮಾತು, ಅವನದೇ ಧಾಟಿ.

ಅವನು ಎಚ್.ಆರ್. ವಿಭಾಗದ ಮೈಸೂರಿನ ಹುಡುಗಿ ಅಪೂರ್ವಾಳ ಮೇಜಿಗೆ ಹೋದ. "ನಿಹಾರಿಕಾ ಎಲ್ಲಿಯವಳು ಅಪೂರ್ವಾ?"

"ನಂಗೇನ್ ಗೊತ್ತು ಸರ್?"

"ಇಂಟರ್‌ವ್ಯೂ ಮಾಡಿದ್ದು ನೀವೇ ಅಲ್ವಾ?"

"ಅಯ್ಯೋ, ಪಟ್ಟಿ ಕಂಪ್ಯೂಟರ್ ಕೊಡುತ್ತೆ, ಮೇಲಿನವ್ರು ಒಪ್ಕೋತಾರೆ. ನಾನು ಶುಭಾಶಯ ಕಳಿಸ್ತೀನಿ ಅಷ್ಟೆ." ಅವಳು ಮೇಜಿನಡಿಯ ಪೊಟ್ಟಣವನ್ನು ಕಾಲಿಂದ ಈಚೆ ತಳ್ಳಿದಳು. ಹೊಸಬರಿಗೆ ಕಳಿಸುವ ಚೀಲ, ನೀರಿನ ಬಾಟಲಿ. "ಮೂರ್ ಸಲ ವಾಪಸ್ ಬಂತು. ಬೀದಿ ಇದೆ, ಆ ನಂಬರಿನ ಮನೆ ಇಲ್ಲ ಅಂತಾನೆ ಕೊರಿಯರ್‌ನವನು. ಹಾಜರಿ ಮಾತ್ರ ದಿನಾ ಒಂಬತ್ತಕ್ಕೆ ಬೀಳುತ್ತೆ. ನಿಮ್ಗಿಂತ ಶಿಸ್ತು."

ಮೇ ನಡುವಿನಲ್ಲಿ ನನ್ನ ಅಮ್ಮ ತೀರಿಕೊಂಡರು. ಮಟ್ಟಾಂಚೇರಿಯ ಮನೆಗೆ ಮೊದಲು ಬಂದ ಹೊರಗಿನವನು ಶ್ರೀಪತಿ. ಅದುವರೆಗೆ ನಾನು ಅವನ ದನಿ ಕೇಳಿದ್ದೆನೇ ಹೊರತು ಮುಖ ಕಂಡಿರಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟ, ಬೂದಿ ತಣಿಯುವವರೆಗೂ ನಿಂತ. ಹೋಗುವಾಗ, "ಧಣಿಗಳೇ, ಎಂತಾದ್ರೂ ಎರಡು ತುತ್ತು ಉಣ್ಣಿ" ಅಂದ.

ನೋಟಿಸಿನ ಅವಧಿಯಲ್ಲಿ ರಜೆಯಿಲ್ಲ. ಬಿಟ್ಟ ದಿನ ಕೊನೆಗೆ ಸೇರುತ್ತದೆ. ಬಿಡುಗಡೆ ಜೂನ್ ಒಂದಕ್ಕೆ ಜಾರಿತು, ಪತ್ರವೂ ಅಂದೇ ಸಂಜೆ.

"ಒಂದು ದಿನ ಅಲ್ವಾ ಅಪೂರ್ವಾ," ಎಂದು ಬೇಡಿಕೊಂಡ.

"ನನ್ ಕೈಲಿಲ್ಲ ಸರ್. ನಿಹಾರಿಕಾ 'ಪೂರ್ತಿ ಕಲಿತೆ' ಅಂತ ಒತ್ತಿದ್ರೆ ಆ ದಿನ ತಾನಾಗಿ ಮಾಫಿ. ಅವಳನ್ನೇ ಕೇಳಿ."

ಮೇ ಮೂವತ್ತೊಂದು, ಮೂರು ಗಂಟೆ. ಕೇಳಿದ. ಪರದೆಯ ಮೇಲೆ ಉತ್ತರ ಮೂಡಿತು: "ಒಂದು ಬಾಕಿ ಉಂಟು ಸಾರ್. ಬಲಗಡೆ ಡ್ರಾಯರಿನ ನೋಟುಪುಸ್ತಕ."

ಶ್ರೀಪತಿ ಡ್ರಾಯರು ಎಳೆದು ನೋಡಿದ, ಪುಸ್ತಕ ಇದ್ದಲ್ಲೇ ಇತ್ತು. ಪುಸ್ತಕದ ವಿಷಯ ಅವನು ನಿರ್ಮಲಳಿಗೂ ಹೇಳಿರಲಿಲ್ಲ. ಅವನ ಕಂಪ್ಯೂಟರಿನ ಕ್ಯಾಮೆರಾಕ್ಕೆ ಎರಡು ವರ್ಷದಿಂದ ಪ್ಲಾಸ್ಟರ್ ಅಂಟಿಸಿತ್ತು. ತಿರುಗಿ ನೋಡಿದ. ಹಿಂದೆ ಗೋಡೆ, ಗೋಡೆಗೊಂದು ಕ್ಯಾಲೆಂಡರು.

ಆರೂವರೆಗೆ ವೈಟ್ಟಿಲದಲ್ಲಿ ಬಸ್ಸು. ಅವನು ಪುಸ್ತಕ ತೆಗೆದು ಒಂದೊಂದೇ ಪುಟದ ಫೋಟೋ ಹಿಡಿದು ಕಳಿಸತೊಡಗಿದ. ಕಳಿಸಿದಂತೆಲ್ಲ ಪುಟಕ್ಕೊಂದು ಹಸಿರು ಗುರುತು ಬೀಳುತ್ತಿತ್ತು, ಫೋಟೋ ತಲುಪುವುದಕ್ಕೂ ತುಸು ಮೊದಲೇ. ನನ್ನ ಪುಟ ಬಂತು. 'ಅಮ್ಮನ ಮಂಡಿನೋವು ಕೇಳು' ಎಂದು ಇನ್ನೂ ಹಾಗೇ ಇತ್ತು. ಹೊಡೆದುಹಾಕಲು ಪೆನ್ನು ತೆಗೆದ. ಅಮ್ಮ ತೀರಿಕೊಂಡರೆಂದು ಕೆಳಗೆ ಒಂದು ಸಾಲು ಬರೆಯಬೇಕಿತ್ತು. ಬರೆಯದೆ ಪೆನ್ನಿನ ಮುಚ್ಚಳ ಹಾಕಿದ, ಪುಟವನ್ನು ಇದ್ದಂತೆಯೇ ಕಳಿಸಿದ.

"ಪೂರ್ತಿ ಕಲಿತೆ. ನೋಡುವ ಸಾರ್," ಎಂದು ಬಂತು. ಫೋನು ಇಡುವಾಗ ಅವನು ಹೇಳುತ್ತಿದ್ದ ಮಾತು ಅದು, 'ನೋಡುವ'. ಜತೆಗೇ ಬಿಡುಗಡೆ ಪತ್ರವೂ ಬಂತು. ಚಾಳಿ ಬಿಡದೆ, ಅವನ ಬೆರಳು ತಾನಾಗಿ ಟೈಪು ಮಾಡಿತು: "ಊಟ ಆಯ್ತಾ?"

ಅರವತ್ತು ದಿನದಲ್ಲಿ ಮೊದಲ ಬಾರಿ ಉತ್ತರ ಬಂತು. "ಆಯ್ತು. ನಿಮ್ಮದು?"

ಅವನು ಕಂಪ್ಯೂಟರು ಆರಿಸಲೂ ನಿಲ್ಲದೆ ಮೆಟ್ಟಿಲಿಳಿದ.

ಜೂನ್ ಎರಡನೇ ವಾರ, ಹಾಡಹಗಲು ಹನ್ನೊಂದಕ್ಕೆ, ನನ್ನ ಅಂಗಡಿಗೆ ಆ ಕಂಪನಿಯಿಂದ ಫೋನು ಬಂತು. ಶ್ರೀಪತಿಯ ದನಿ. ಮಾತಿಗೆ ಮೊದಲು ಮೂಗೆಳೆಯುವ ಅಭ್ಯಾಸವೂ ಅವನದೇ. "ಧಣಿಗಳೇ, ಅಮ್ಮನ ಮಂಡಿನೋವು ಹೇಗುಂಟು ಈಗ?"

ಫೋನು ಇಟ್ಟು ಉಳ್ಳೂರಿಗೆ, ಶ್ರೀಪತಿಗೆ ಮಾಡಿದೆ. ಅವನು ಸ್ಟೋರಿನಲ್ಲಿ ಸಲೈನ್ ಬಾಟಲಿ ಜೋಡಿಸುತ್ತಿದ್ದ.

"ಈಗ ನೀನು ಫೋನು ಮಾಡಿದ್ಯಾ ಮಾರಾಯ?"

"ಇಲ್ಲ ಧಣಿಗಳೇ. ಎಂತ ಕೇಳಿತು ಅದು?"

ಹೇಳಿದೆ. ಅವನು ಬಾಟಲಿಯೊಂದನ್ನು ಕೆಳಗಿಟ್ಟ ಸದ್ದು ಕೇಳಿತು.

"ಅಮ್ಮ ಹೋದದ್ದೊಂದು ನಾನು ಬರೆದು ಕೊಡ್ಲಿಲ್ಲ," ಅಂದ. "ಬರೆದಿದ್ರೆ ಅದು ನಿಮ್ಮ ದುಃಖವನ್ನೂ ವಿಚಾರಿಸ್ತಿತ್ತು, ನನ್ನ ದನಿಯಲ್ಲೇ."

ಅಮ್ಮನನ್ನು ಹೊತ್ತ ದಿನ ಅವನು ತನ್ನದೊಂದು ದಿನವನ್ನು ನನಗೆ ಕೊಟ್ಟಿದ್ದ. ಕಂಪನಿ ಆ ದಿನವನ್ನು ಮಾಫಿ ಮಾಡಿತು, ನನ್ನ ಲೆಕ್ಕದಲ್ಲಿ ಅದು ಇನ್ನೂ ನಾನು ಅವನಿಗೆ ಕೊಡಬೇಕಾದ ಬಾಕಿ.